ಎಣಿಕೆ

ಲಾಕ್ ನೇ ಸರೋವರದ ಪಡುವಣ ದಂಡೆ.
ಜನವರಿಯ ಭಾನುವಾರ, ಎಂಟೂವರೆಗೂ ಪೂರ್ತಿ ಬೆಳಕಿಲ್ಲ.
ಡಿಂಪ್ನಾ ಕಾರಿನ ಬಾಗಿಲನ್ನು ಸದ್ದಾಗದಂತೆ ಮುಚ್ಚಿ
ಮುಕ್ಕಾಲಿಯ ಮೇಲೆ ದುರ್ಬೀನು ಕೂರಿಸುತ್ತಾಳೆ.
ಅಂಗೈಯಲ್ಲಿ ಎಣಿಸುವ ಗುಂಡಿ.
ಒತ್ತಿದರೆ ಒಂದು, ಒತ್ತಿದರೆ ಇನ್ನೊಂದು.

ಹನ್ನೆರಡು.
ಅಷ್ಟೇ. ಅದರಲ್ಲೊಂದು ತೇಲುವ ಬಾಟಲಿ.
ಹನ್ನೊಂದು.

ಅಪ್ಪನ ನೋಟುಬುಕ್ಕಿನಲ್ಲಿ, ಇದೇ ಮೂಲೆಗೆ,
ಹಾವುಮೀನಿನ ಲೋಳೆ ಒಣಗಿ ಮಿರುಗುವ ಪುಟದಲ್ಲಿ
ಪೆನ್ಸಿಲ್ಲಿನ ಓರೆ ಅಕ್ಷರ:
ಕೆಂದಲೆ ಬಾತು, ಸಾವಿರದ ನಾನೂರು, ಸುಮಾರಾಗಿ.
ಜುಟ್ಟಿನವು, ಅದಕ್ಕೂ ಹೆಚ್ಚು. ಮಂಜು ಬಂತು. ಬಿಟ್ಟೆ.
ಹೊಂಗಣ್ಣ, ಮುನ್ನೂರರ ತನಕ ಎಣಿಸಿದೆ, ಕೈ ಮರಗಟ್ಟಿತು.

ಇವಳ ಕೈ ಬೆಚ್ಚಗೇ ಇದೆ.
ಗವಸು ಕಾರಿನಲ್ಲೇ ಉಳಿದಿದೆ, ನೆನಪೂ ಆಗಲಿಲ್ಲ.

ಮ್ಯಾಲಕಿ ಬರುತ್ತಾನೆ, ಹಿಂದೆ ಅವನ ಕುಂಟು ನಾಯಿ.
ಐವತ್ತು ವರ್ಷ ಈ ನೀರಿಗೆ ಗಾಳ ಬಿಟ್ಟವನು. ಅವನದು ನೊಣದ ವಾದ.
"ಮೇ ತಿಂಗಳಲ್ಲಿ ನೊಣ ಏಳ್ತಿತ್ತು ಮಗಳೇ, ಹೊಗೆ ಎದ್ದಂಗೆ.
ಮರಕ್ಕೆ ಬೆಂಕಿ ಬಿತ್ತು ಅಂತ
ಹೊಸ ಪಾದ್ರಿ ಒಂದ್ಸಲ ಗಂಟೆ ಹೊಡೆಸಿಬಿಟ್ಟಿದ್ದ.
ಒಣಹಾಕಿದ ಅಂಗಿ ಬಿಳೀದಾ ಕರೀದಾ ಗೊತ್ತಾಗ್ತಿರಲಿಲ್ಲ.
ಬಾಯಿ ತೆಗೆದೋರೆಲ್ಲ ನುಂಗಿದೋರೇ.
ನಾನೂ ಶಾಪ ಹಾಕಿದ್ದೆ ಅವಕ್ಕೆ.
ತಟ್ಟಿತೋ ಏನೋ."

ನೊಣದ ಮರಿ, ಕೆಸರಿನೊಳಗಿನ ಕೆಂಪು ಹುಳು.
ಬಾತು ಮುಳುಗುವುದು ಅದಕ್ಕೆ.
ಕೆಸರಿಗೇನಾಯಿತು?
ಹೊಲದ ಗೊಬ್ಬರ ಹಳ್ಳಕ್ಕಿಳಿದು, ಹಳ್ಳ ಇಲ್ಲಿಗಿಳಿದು,
ಆಗಸ್ಟಿನಲ್ಲಿ ನೀರೆಲ್ಲ
ಬಾಗಿಲಿಗೆ ಬಳಿಯುವ ಬಣ್ಣದಂತೆ ದಪ್ಪಗೆ ಹಸಿರು.
ಯಾರದೋ ದೋಣಿಯ ತಳಕ್ಕಂಟಿ ಬಂದ
ಪಟ್ಟೆಪಟ್ಟೆ ಚಿಪ್ಪಿನ ಸಂಸಾರ ಬೇರೆ.
ಇರಬಹುದು, ಅನ್ನುತ್ತಾಳೆ ಡಿಂಪ್ನಾ.
ಅವಳ ಬಾಯಲ್ಲಿ ಇತ್ತೀಚೆಗೆ ಆ ಮಾತೇ ಹೆಚ್ಚು.

ಫೋನು ಗುಂಯ್‌ಗುಟ್ಟುತ್ತದೆ. ಎಸ್ಟೋನಿಯಾದಿಂದ ಟೀಯು.
ಅವಳೂ ಇದೇ ಬೆಳಿಗ್ಗೆ ಎಣಿಸುವವಳು, ಬಾಲ್ಟಿಕ್ ದಂಡೆಯಲ್ಲಿ.
"ಈ ಸಲವೂ ಸಮುದ್ರ ಹೆಪ್ಪುಗಟ್ಟಲಿಲ್ಲ.
ಅಜ್ಜ ಕುದುರೆಬಂಡಿ ಹೊಡೆದುಕೊಂಡು ದ್ವೀಪಕ್ಕೆ ಹೋಗುತ್ತಿದ್ದ ಕಡೆ
ಬಾತುಗಳು ತೇಲುತ್ತಿವೆ. ನಿಮ್ಮವೇ ಇರಬೇಕು."
ಜೊತೆಗೊಂದು ಚಿತ್ರ:
ಹಿಮದ ದಾರಿಯಲ್ಲಿ ಸೀಟ್‌ಬೆಲ್ಟ್ ಕಟ್ಟಬೇಡಿ, ಎನ್ನುವ ಫಲಕ,
ಅದರ ಬುಡಕ್ಕೆ ಬಡಿಯುವ ತೆರೆ.

ಇಟ್ಟುಕೊಳ್ಳಿ, ಎಂದು ಬರೆಯುತ್ತಾಳೆ. ಅಳಿಸುತ್ತಾಳೆ.
ಅಲ್ಲೇ ನೀರಿದ್ದರೆ, ಅಲ್ಲೇ ಕೂಳಿದ್ದರೆ,
ಸುಮ್ಮನೆ ಯಾಕೆ ಹಾರಬೇಕು ಇಷ್ಟು ದೂರ?
ಬಾರದ ನೆಂಟ ಸುಖವಾಗಿದ್ದಾನೆಂದರೆ
ಕೋಪ ಮಾಡುವುದು ಯಾರ ಮೇಲೆ?

ಆದರೆ ಅಲ್ಲಿ ಹೆಚ್ಚಿದ್ದನ್ನು
ಇಲ್ಲಿ ಕಡಿಮೆಯಾದದ್ದರ ಪಕ್ಕ ಇಟ್ಟರೆ
ಲೆಕ್ಕ ಕೂಡುವುದಿಲ್ಲ.
ಎರಡು ದಂಡೆಗಳ ನಡುವೆ ಎಷ್ಟೋ ಹಕ್ಕಿ
ಯಾವ ನೀರಿನ ಮೇಲೂ ಇಲ್ಲ.

ಎಣಿಸುವುದೆಂದರೆ ಎರಡೂ ತಾನೆ:
ಕಂಡದ್ದನ್ನು ಒಂದೊಂದಾಗಿ ಲೆಕ್ಕ ಹಿಡಿಯುವುದು,
ಕಾಣದ್ದು ಎಲ್ಲೋ ಇದೆ ಎಂದುಕೊಳ್ಳುವುದು.
ನಮೂನೆಯಲ್ಲಿ ಒಂದಕ್ಕೆ ಮಾತ್ರ ಜಾಗವಿದೆ.

ಹೊಂಗಣ್ಣದ ಸಾಲಿನ ಮೇಲೆ ಪೆನ್ನು ನಿಲ್ಲುತ್ತದೆ.
ಖಾಲಿ ಬಿಟ್ಟರೆ, ನೋಡಲಿಲ್ಲವೆಂದು ಅರ್ಥ.
ಸೊನ್ನೆ ಬರೆದರೆ, ನೋಡಿದೆ, ಇರಲಿಲ್ಲವೆಂದು.
ಅಪ್ಪ ಹೇಳುತ್ತಿದ್ದ:
ಮುಳುಗುವ ಹಕ್ಕಿಯನ್ನು ಆತುರದಲ್ಲಿ ಎಣಿಸಬೇಡ,
ನೀನು ನೋಡುವ ಹೊತ್ತಿಗೆ ಅರ್ಧ ನೀರೊಳಗಿರುತ್ತವೆ,
ಏಳಲಿ, ತಾಳು.

ಬಾತಿನ ಉಸಿರು ಅರ್ಧ ನಿಮಿಷದ್ದು, ಹೆಚ್ಚೆಂದರೆ ಒಂದು.
ಅವಳಿಗೆ ಗೊತ್ತು.
ಮ್ಯಾಲಕಿ ಹೋದ. ನಾಯಿ ತಿರುಗಿ ನೋಡಿ, ಅದೂ ಹೋಯಿತು.
ನಲವತ್ತು ನಿಮಿಷವಾಯಿತು.
ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡು
ನೀರು ನೋಡುತ್ತಿದ್ದಾಳೆ.